ಕೊಟ್ರೇಶಿಯ ಮೊಲಕ್ಕೆ ಎಷ್ಟು ಕಾಲು?

ಕೊಟ್ರೇಶಿ ಮಂಡಕ್ಕಿ ತಟ್ಟೆಗಳನ್ನು ಆಚೆ ಸರಿಸಿ ಫೋನು ನಡುವೆ ಇಟ್ಟ. ಯಾವುದೋ ದೇಶದ ನಾಯಿ, ಅದರ ತಲೆ ಮೇಲೆ ಬಿಳಿ ಮೊಲ, ಹಿಂದೆ ಪಿಟೀಲು.

"40 ಲಕ್ಷ ಜನ ನೋಡ್ಯಾರ. ಭಾನುವಾರ ನಮ್ಮನ್ಯಾಗೂ ಇದೇ ಶೂಟಿಂಗ್."

"ನಿಂದು ಯಾವ ನಾಯಿ?" ಕಾಂಪೌಂಡರ್ ಹಾಲಪ್ಪ ಮೆಣಸಿನಕಾಯಿಯ ತೊಟ್ಟು ಕಿತ್ತ.

"ಮುಧೋಳ."

"ಭೇಷ್. ಮೊಲ ಅಟ್ಟಿ ಹಿಡಿಯಾಕಂತಲೇ ಸಾಕಿದ ತಳಿ. ಹಸಿದೋನ ತಲೆ ಮ್ಯಾಲೆ ಬೆಣ್ಣೆದೋಸೆ ಇಟ್ಟು ಅಲ್ಲಾಡಬ್ಯಾಡ ಅಂದಂಗಾತು."

"ಅಂಚೆ ಚೀಟಿ ಮ್ಯಾಲೆ ಬಂದ ಜಾತಿ ಹಾಲಪ್ಪಣ್ಣ ಅದು!"

"ಬಂತು, 2005ರಾಗೆ. ಸಾಧುತನಕ್ಕೆ ಅಂತ ಅಲ್ಲ."

ಮೇಷ್ಟ್ರಿಗೆ ಇತಿಹಾಸ ಕಂಡರೆ ಕೈ ತುರಿಸುತ್ತೆ. "ಅಲ್ರೀ, ಹಕ್ಕ-ಬುಕ್ಕರ ಕಾಲದಲ್ಲಿ ಮೊಲಾನೇ ಬೇಟೆನಾಯಿನ ಅಟ್ಟಿಸಿಕೊಂಡು ಹೋಯ್ತಂತಲ್ಲ?"

"ಅದಕ್ಕೇ ಅಲ್ಲಿ ರಾಜಧಾನಿ ಕಟ್ಟಿದ್ರು ಮೇಷ್ಟ್ರೇ. ದಿನಾ ನಡಿಯಂಗಿದ್ರೆ ಊರಿಗೊಂದು ಸಾಮ್ರಾಜ್ಯ ಇರ್ತಿತ್ತು."

"ಏನೇ ಹೇಳ್ರಿ, ನನ್ನ ನಾಯಿ ಮೊಲ ಮುಟ್ಟಲ್ಲ ಅಂದ್ರೆ ಮುಟ್ಟಲ್ಲ."

"ನೋಡಿದ್ರಾ, ಇವನ ಮೊಲಕ್ಕೆ ಮೂರೇ ಕಾಲು" ಅಂದರು ಮೇಷ್ಟ್ರು.

"ಅನ್ನಲಿ ಬಿಡ್ರಿ. ಭಾನುವಾರ ನಾಯಿ ಅದನ್ನ ನಿಜ ಮಾಡಿ ತೋರಿಸ್ತತಿ."

ಅಂಗಡಿ ಶಾಂತಕ್ಕ ಒಗ್ಗರಣೆ ಮಂಡಕ್ಕಿ ಕಲಸುತ್ತಾ ಕೇಳಿದಳು: "ನಮ್ಮನೆ ಮುದಿನಾಯಿ ಕೋಳಿಮರಿ ತುಳಿದ್ರೂ ಎದ್ದೇಳಲ್ಲ. ಮೊಮ್ಮಗಳು ಮೊಲ ಬೇಕಂತ ಹಟ ಹಿಡಿದಾಳ. ತರಬೌದಾ?"

"ಅಂಥ ನಾಯಿ ಆದ್ರೆ ನೋಡಬೌದು" ಅಂದ ಹಾಲಪ್ಪ. "ಆದ್ರೆ ಗಡಿಬಿಡಿ ಬ್ಯಾಡ. ಮೊದಲು ಮೊಲಕ್ಕೆ ಬ್ಯಾರೆ ಕೋಣೆ. ಗೂಡಿಗೆ ಕೋಳಿ ಜಾಲರಿ ನಡಿಯಲ್ಲ, ನಾಯಿ ಹಲ್ಲಿಗೆ ಅದು ನೂಲು. ಬೆಸುಗೆ ಹಾಕಿದ ಗಟ್ಟಿ ಜಾಲರಿ ಬೇಕು. ಒಳಗೆ ಎರಡು ಬಾಯಿ ಕೊರೆದ ರಟ್ಟಿನ ಡಬ್ಬ ಇಡು. ಒಂದೇ ಬಾಯಿ ಇದ್ರೆ ಮೊಲ ಒಳಗೇ ಸಿಕ್ಕಿಬಿತ್ತು ಅನ್ಕೋ. ಎರಡು ವಾರ ಮುಖ ತೋರಿಸಬ್ಯಾಡ. ಮೊಲದ ಮೈ ಒರೆಸಿದ ಬಟ್ಟೆ ನಾಯಿ ತಟ್ಟೆ ಹತ್ರ, ನಾಯಿದು ಮೊಲದ ಕೋಣೆಯಾಗೆ. ವಾಸನಿ ಹಳೇದಾಗಲಿ."

"ಆಮೇಲೆ ತಲೆ ಮ್ಯಾಲೆ ಕೂರಿಸೋದು" ಅಂದ ಕೊಟ್ರೇಶಿ.

"ಆಮೇಲೆ ನಾಯಿನ ಸುಸ್ತಾಗಂಗೆ ತಿರುಗಾಡಿಸಿ, ಹೊಟ್ಟೆಗೆ ಹಾಕಿ, ಹಗ್ಗ ಹಿಡಕೊಂಡು ಗೂಡಿಂದ ಹತ್ತಡಿ ದೂರ ಕೂರಿಸೋದು. ಐದು ನಿಮಿಷ, ಸಾಕು. ಮೊಲ ನೋಡಿ ತಾನಾಗೇ ಮುಖ ತಿರುಗಿಸಿದಾಗ ತಿನ್ನಾಕೆ ಕೊಡು. ಮೈ ಸೆಟೆದು, ಕಿವಿ ಮುಂದಾಗಿ, ರೆಪ್ಪೆ ಬಡಿಯದಂಗೆ ನೋಡ್ತೈತಾ? ಮುಂಗಾಲು ಎತ್ತಿ ನಿಂತೈತಾ? ಅವತ್ತಿಗೆ ಮುಗೀತು, ಆಚೆ ಕರಕೊಂಡು ಹೋಗು. ದಿನಾ ಹಂಗೇ ಮಾಡಿದ್ರೆ ಆ ನಾಯಿ ಆಗಲ್ಲ ಅಂತ ಬಿಟ್ಟುಬಿಡು. ಬಗ್ಗಿದ್ರೆ ಒಂದೊಂದೇ ಅಡಿ ಹತ್ರ. ವಾರ ಅಲ್ಲ, ತಿಂಗಳೇ ಹಿಡೀಬೌದು. ಒಗ್ಗಿದ ಮ್ಯಾಲೂ ಎರಡನ್ನೇ ಬಿಟ್ಟು ಒಲೆ ಮ್ಯಾಲಿನ ಹಾಲು ನೋಡಾಕೆ ಎದ್ದು ಹೋಗಂಗಿಲ್ಲ. ಮೊಲ ಓಡಿದ್ರೆ ಸಾಧು ನಾಯಿಗೂ ಅಜ್ಜನ ಕಾಲದ ಬುದ್ಧಿ ಎದ್ದು ಬರ್ತತಿ."

"ಮೊಲಾನ ನಾನು ಕೈಯಾಗೆ ಗಟ್ಟಿ ಹಿಡ್ಕಂಡ್ರೆ?"

"ಅದೇ ಮಾಡಬಾರದು. ಮೊಲದ ತೂಕದಾಗೆ ಎಲುಬು ನೂರಕ್ಕೆ ಎಂಟು ಪಾಲು. ಹಿಂಗಾಲಿನ ಬಲ ಮಾತ್ರ ರಾಕ್ಷಸಂದು. ಹೆದರಿ ಒದ್ದುಕೊಂಡ್ರೆ ಸಾಕು, ತನ್ನ ಬೆನ್ನೆಲುಬು ತಾನೇ ಮುರಕಂತತಿ. ನಾಯಿ ಮುಟ್ಟೋದೇ ಬ್ಯಾಡ."

ಶಾಂತಕ್ಕ ಕೈ ನಿಲ್ಲಿಸಿದಳು. "ಕಚ್ಚಿಬಿಟ್ರೆ?"

"ಸಣ್ಣ ತೂತು ಅಂತ ಅರಿಶಿನ ಮೆತ್ತಿ ಕೂರಬ್ಯಾಡ. ಕೂದಲ ಅಡಿಗೆ ಕೀವಾಗ್ತತಿ. ಅವತ್ತೇ ದನದ ಆಸ್ಪತ್ರಿ. ಮನ್ಯಾಗಿರೋ ಅಮಾಕ್ಸಿಸಿಲಿನ್ ಮಾತ್ರಿ ಬಾಯಿಗೆ ಹಾಕೀಯ ಮತ್ತೆ, ಮೊಲದ ಕರುಳು ಕೆಟ್ಟು ಸಾಯ್ತತಿ. ನಾಯಿಗೆ ಉಣ್ಣೆ ಹೋಗಲಿ ಅಂತ ಹಾಕೋ ಫಿಪ್ರೋನಿಲ್ಲೂ ಮೊಲಕ್ಕೆ ವಿಷಾನೇ. ಕಚ್ಚದೆ ಬರೇ ಹೆದರಿಸಿದ್ರೂ ಕಣ್ಣಿಡು. ಹನ್ನೆರಡು ತಾಸು ಹುಲ್ಲು ಮುಟ್ಟದೆ, ಹಿಕ್ಕಿ ಹಾಕದೆ ಕೂತ್ರೆ ಕರುಳು ನಿಂತೈತಿ ಅಂತ ಅರ್ಥ. ಹುಲ್ಲು ಅಂದೆ ಶಾಂತಕ್ಕ, ಮಂಡಕ್ಕಿ ಅಲ್ಲ."

"ಮಂಡಕ್ಕಿಗೇನಾಗೇತಿ?" ಶಾಂತಕ್ಕ ಸಿಡುಕಿದಳು. ಒಗ್ಗರಣೆ ಎಣ್ಣೆ ಜಾಸ್ತಿಯೋ ಕಡಿಮೆಯೋ ಅಂತ ಮೇಷ್ಟ್ರು ಒಂದು ಸುತ್ತು ವಾದ ಮಾಡಿ, ಸೋತು, ಇನ್ನೊಂದು ಪ್ಲೇಟು ಹೇಳಿದರು.

ಕೊಟ್ರೇಶಿ ಫೋನು ಬಿಟ್ಟಿರಲಿಲ್ಲ. "ನೀನು ಸುಮ್ನೆ ಹೆದರಿಸ್ತೀಯಪಾ. ಇದನ್ನ ನೋಡು, ಎಷ್ಟು ಆರಾಮಾಗಿ ಕೂತೈತಿ."

ಹಾಲಪ್ಪ ಕನ್ನಡಕ ಏರಿಸಿ ನೋಡಿದ. "ಆರಾಮಿದ್ರೆ ಕಾಲು ಚಾಚಿ ಮಲಗ್ತತಿ, ಮುಖ ತೊಳಕಂತತಿ, ಏನಾರ ಮೆಲ್ಲತೈತಿ. ಇದರ ಕಣ್ಣು ನೋಡು, ಬಿಳಿ ಕಾಣ್ತೈತಿ. ಕಿವಿ ಬೆನ್ನಿಗೆ ಅಂಟೇತಿ, ಮೈ ಚಪ್ಪಟೆ. ಅಲ್ಲಾಡಿದ್ರೆ ಕಾಣ್ತೀನಿ, ಕಂಡ್ರೆ ಸಾಯ್ತೀನಿ ಅಂತ ಕೂತೈತಿ. ದೂರು ಹೇಳೋ ಜಾತಿ ಅಲ್ಲ ಅದು. ನೋವಾದ್ರೂ ಬಾಯಿ ಬಿಡಲ್ಲ. ಕೂಗಿತು ಅಂದ್ರೆ ಜೀವ ಬಾಯಿಗೆ ಬಂದಾಗಲೇ. ಕೇಳಿದೋರು ಮರಿಯಲ್ಲ."

ಸ್ವಲ್ಪ ಹೊತ್ತು ಪಿಟೀಲೊಂದೇ ಕುಯ್ಯುತ್ತಿತ್ತು. ಕೊಟ್ರೇಶಿ ಅದನ್ನು ಆರಿಸಿ ಮನೆಗೆ ಫೋನು ಹಚ್ಚಿದ.

"ಲೇ, ಮೊಲದ ಗೂಡು ಪಡಸಾಲಿಯಿಂದ ಮ್ಯಾಲಿನ ಕೋಣಿಗೆ ಇಡು. ಬಾಗಿಲು ಹಾಕು."

ಸ್ಪೀಕರ್ ಆನ್ ಆಗಿತ್ತು. "ಅತ್ತಿಯವರು ಮೊನ್ನೇನೇ ಸಾಗಿಸ್ಯಾರ. ನಾಯಿ ಬೊಗಳಿದ್ರೆ ಡಬ್ಬದಾಗಾದ್ರೂ ಹೋಗ್ತತಿ ಅದು. ನೀವು ಫೋನ್ ಎತ್ತಿದ್ರೆ ಡಬ್ಬದಾಗೂ ನಿಲ್ಲವಲ್ದು!"