ಬೆಣ್ಣೆಹಣ್ಣಿನ ಟೋಸ್ಟ್, ಮೇಲೊಂದು ಬುಲ್ಸ್ ಐ: ಬ್ರೆಡ್ಡು ಪಿಚ್ಚನೆ ಆಗದ ಹಾಗೆ ಹೇಗೆ ಮಾಡುವುದು?

ನೀರ್ಚಾಲಿನವ:

ವಯನಾಡಿನ ಮಾವ ಬರುವಾಗ ಒಂದು ಚೀಲ ಬೆಣ್ಣೆಹಣ್ಣು ತಂದು ಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಬಟರ್ ಫ್ರೂಟ್ ಅಂದರೆ ಹಾಲು, ಸಕ್ಕರೆ, ಮಿಕ್ಸಿ, ಅಷ್ಟೇ. ಅದಕ್ಕೆ ಉಪ್ಪು, ಒಳ್ಳೆಮೆಣಸಿನ ಪುಡಿ ಹಾಕುತ್ತೇನೆ ಅಂದದ್ದಕ್ಕೆ ಅಮ್ಮ ನನ್ನನ್ನು ನೋಡಿದ ರೀತಿ ಕೇಳಬೇಡಿ. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಟೋಸ್ಟ್ ಮೇಲೆ ಇದನ್ನು ಹಚ್ಚಿ, ಮೇಲೆ ಬುಲ್ಸ್ ಐ ಇಟ್ಟು ತಿಂದು ರುಚಿ ಹತ್ತಿದೆ. ಅಲ್ಲಿ ಒಂದು ಪ್ಲೇಟಿಗೆ ಕೊಡುತ್ತಿದ್ದ ದುಡ್ಡಿಗೆ ಇಲ್ಲಿ ಮನೆಮಂದಿಗೆಲ್ಲ ಬಂಗುಡೆ ಬರುತ್ತದೆ, ಅದು ಬೇರೆ ವಿಷಯ.

ನಾನು ಮಾಡುವುದು ಹೀಗೆ. ಪೇಟೆಯ ಬೇಕರಿಯ ಸ್ವಲ್ಪ ಸಿಹಿ ಇರುವ ಬ್ರೆಡ್ಡನ್ನು ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಮಾಡುತ್ತೇನೆ. ಹಣ್ಣಿಗೆ ನೀರುಳ್ಳಿ, ಟೊಮೆಟೊ, ಉಪ್ಪು, ಲಿಂಬೆ ಎಲ್ಲ ಸೇರಿಸಿ ಕಿವುಚಿ ಹಚ್ಚುತ್ತೇನೆ. ತಣ್ಣಗಿರಬಾರದು ಅಂತ ಹಚ್ಚಿದ ಮೇಲೆ ಇನ್ನೊಮ್ಮೆ ಕಾವಲಿಗಿಟ್ಟು ಮುಚ್ಚಳ ಮುಚ್ಚುತ್ತೇನೆ. ಮೊಟ್ಟೆಗೆ ಬೇರೆ ಸಣ್ಣ ಬಾಣಲೆ, ಯಾಕೆಂದರೆ ದೋಸೆ ಕಾವಲಿಗೆ ಮೊಟ್ಟೆ ಒಡೆದರೆ ಅವತ್ತು ನನಗೆ ಊಟ ಇಲ್ಲ.

ಆಗುವುದು ಎಂತ ಅಂದರೆ, ಬಾಯಿಗೆ ಇಡುವಷ್ಟರಲ್ಲಿ ಬ್ರೆಡ್ಡು ಪಿಚ್ಚನೆ. ಹಣ್ಣು ಒಂಚೂರು ಕಹಿ. ಮೊಟ್ಟೆಯ ಅಂಚು ಕಪ್ಪು, ಹಳದಿಯ ಸುತ್ತಲಿನ ಬಿಳಿ ಮಾತ್ರ ಲೋಳೆ ಲೋಳೆ. ನನಗೆ ಹಳದಿ ಹರಿಯುವ ಹಾಗೆಯೇ ಇರಬೇಕು. ಟೋಸ್ಟರ್ ಇಲ್ಲ, ಓವನ್ ಇಲ್ಲ, ಗ್ಯಾಸ್ ಒಲೆ ಮಾತ್ರ. ಗೊತ್ತಿದ್ದವರು ಹೇಳಿ.

ಪೆರ್ಲದಕ್ಕ:

ಮಾರಾಯ್ರೆ, ಕಹಿಗೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಉಂಟು. ಹಚ್ಚಿದ ಮೇಲೆ ಕಾವಲಿಗೆ ಇಡುವುದನ್ನು ನಿಲ್ಲಿಸಿ. ಬೆಣ್ಣೆಹಣ್ಣಿಗೆ ಬಿಸಿ ಜಾಸ್ತಿ ತಾಗಿದರೆ ಕಹಿ ಬರುತ್ತದೆ. ಮುಚ್ಚಳ ಹಾಕಿದರೆ ಆವಿಯೂ ಬ್ರೆಡ್ಡಿಗೇ ಇಳಿಯುತ್ತದೆ. ಬಿಸಿ ಬೇಕಾದ್ದು ಬ್ರೆಡ್ಡಿಗೆ ಮತ್ತು ಮೊಟ್ಟೆಗೆ, ಹಣ್ಣು ಹಾಗೇ ಇರಲಿ. ಫ್ರಿಜ್ಜಿನಿಂದ ತೆಗೆದದ್ದಾದರೆ ಸ್ವಲ್ಪ ಹೊತ್ತು ಹೊರಗಿಟ್ಟರೆ ಸಾಕು. ಸರಿಯಾಗಿ ಹಣ್ಣಾಗದಿದ್ದರೂ ಕಹಿ ಇರುತ್ತದೆ, ಸಿಪ್ಪೆಯ ಚೂರು ಸೇರಿಕೊಂಡರೂ ಅಷ್ಟೇ.

ಇನ್ನು ನೀರಿನ ವಿಷಯ. ಬೆಂಗಳೂರಿನ ಹೋಟೆಲಲ್ಲಿ ನೀವು ತಿಂದದ್ದು ಹ್ಯಾಸ್ ಜಾತಿ ಇರಬೇಕು. ಸಣ್ಣದು, ಒರಟು ಸಿಪ್ಪೆ, ಹಣ್ಣಾದಾಗ ಕಪ್ಪಗೆ ಆಗುತ್ತದೆ. ಅದರಲ್ಲಿ ಕೊಬ್ಬು ಶೇ. 15ರಿಂದ 20ರ ಹತ್ತಿರ ಇರುತ್ತದೆ, ಹಾಗಾಗಿ ಹಚ್ಚಿದಲ್ಲೇ ನಿಲ್ಲುತ್ತದೆ. ವಯನಾಡು, ಕೊಡಗಿನ ಕಾಫಿ ತೋಟಗಳಲ್ಲಿರುವ ಮರಗಳು ಹೆಚ್ಚಿನವು ಬೀಜದಿಂದ ಎದ್ದವು, ಒಂದು ಮರದ ಹಣ್ಣಿನ ಹಾಗೆ ಇನ್ನೊಂದರದ್ದು ಇರುವುದಿಲ್ಲ. ಕೆಲವು ಒಳ್ಳೆ ಗಟ್ಟಿ. ಕೆಲವು ನೋಡಲು ಇಷ್ಟು ದೊಡ್ಡ, ಒಳಗೆ ನೀರೇ ಜಾಸ್ತಿ. ಜ್ಯೂಸಿಗೆ ಅದು ಆಗುತ್ತದೆ, ಟೋಸ್ಟಿಗೆ ಕಷ್ಟ. ಅದರ ಜೊತೆ ನೀವು ಟೊಮೆಟೊ, ನೀರುಳ್ಳಿ, ಉಪ್ಪು ಎಲ್ಲ ಒಟ್ಟಿಗೆ ಕಿವುಚಿದರೆ ಉಪ್ಪು ಅವುಗಳ ನೀರನ್ನೂ ಎಳೆದು ಹೊರಗೆ ಹಾಕುತ್ತದೆ, ಬ್ರೆಡ್ಡು ಪಾಪ ಎಂತ ಮಾಡುವುದು?

ಟೊಮೆಟೊ ಬಿಟ್ಟುಬಿಡಿ. ಹಣ್ಣನ್ನು ಫೋರ್ಕಿನಲ್ಲಿ ಒರಟಾಗಿ ಒತ್ತಿ, ನುಣ್ಣಗೆ ಮಾಡಬೇಡಿ. ಲಿಂಬೆ ನಾಲ್ಕು ಹನಿ ಸಾಕು, ಹಣ್ಣು ಕಂದು ಬಣ್ಣಕ್ಕೆ ತಿರುಗುವುದು ಅದರಿಂದ ನಿಧಾನ ಆಗುತ್ತದೆ. ಉಪ್ಪು ಕಟ್ಟಕಡೆಗೆ, ಬ್ರೆಡ್ಡಿಗೆ ಹಚ್ಚಿದ ನಂತರ ಮೇಲಿನಿಂದ ಉದುರಿಸಿ. ತೀರಾ ನೀರು ನೀರಾದ ಹಣ್ಣಾದರೆ ಒತ್ತಲೇ ಹೋಗಬೇಡಿ, ಹೋಳು ಮಾಡಿ ಜೋಡಿಸಿ. ಒಂದು ಗಾಂಧಾರಿ ಮೆಣಸನ್ನು ಆ ಉಪ್ಪಿನ ಜೊತೆ ಜಜ್ಜಿ ಹಾಕಿ ನೋಡಿ. ಹೋಟೆಲಿನವರ ಚಿಲ್ಲಿ ಫ್ಲೇಕ್ಸ್ ಅದರ ಮುಂದೆ ಎಂತದೂ ಅಲ್ಲ.

ಉಪ್ಪಳ ಸ್ಟೇಷನ್:

ಅಕ್ಕ ಹಣ್ಣಿನದ್ದು ಹೇಳಿದರು, ನಾನು ಬ್ರೆಡ್ಡಿನದ್ದು ಹೇಳುತ್ತೇನೆ. ಸಿಹಿ ಬ್ರೆಡ್ಡಿನಲ್ಲಿ ಸಕ್ಕರೆ ಇರುವುದರಿಂದ ಬೇಗ ಬಣ್ಣ ಬರುತ್ತದೆ. ಕೆಂಪಾಯಿತು ಅಂತ ನೀವು ತೆಗೆಯುತ್ತೀರಿ, ಒಳಗೆ ಮೆತ್ತಗೆ ಹಾಗೇ ಇರುತ್ತದೆ. ಉರಿ ಸಣ್ಣ ಮಾಡಿ, ಎಣ್ಣೆ ತುಪ್ಪ ಏನೂ ಹಾಕದೆ ನಿಧಾನಕ್ಕೆ ಒಣಗಿಸಿ. ಉಗುರಿನಲ್ಲಿ ತಟ್ಟಿದರೆ ಟಕ್ ಅನ್ನಬೇಕು. ಸ್ಲೈಸ್ ಮಾಡದ ಇಡೀ ಬ್ರೆಡ್ ಬೇಕರಿಯಲ್ಲಿ ಕೇಳಿ ನೋಡಿ, ಮನೆಗೆ ತಂದು ಹೆಬ್ಬೆರಳು ದಪ್ಪಕ್ಕೆ ಕತ್ತರಿಸಿ. ನಿನ್ನೆಯದ್ದಾದರೆ ಇನ್ನೂ ಒಳ್ಳೆಯದು.

ಮತ್ತೆ, ಕಾವಲಿಯಿಂದ ತೆಗೆದ ಬ್ರೆಡ್ಡನ್ನು ಸ್ಟೀಲ್ ತಟ್ಟೆಯಲ್ಲಿ ಮಲಗಿಸಬೇಡಿ. ಬಿಸಿ ಬ್ರೆಡ್ಡಿನ ಆವಿ ತಣ್ಣನೆ ತಟ್ಟೆಗೆ ತಾಗಿ ಅಡಿಯಲ್ಲಿ ನೀರಾಗುತ್ತದೆ. ಬೇಕಾದರೆ ಎತ್ತಿ ನೋಡಿ, ತಟ್ಟೆಯ ಮೇಲೆ ಬ್ರೆಡ್ಡಿನದ್ದೇ ಆಕಾರದಲ್ಲಿ ಸಣ್ಣ ಸಣ್ಣ ಹನಿ ಕೂತಿರುತ್ತದೆ. ಎರಡು ಸ್ಲೈಸನ್ನು ಒಂದಕ್ಕೊಂದು ಒರಗಿಸಿ ಒಂದು ನಿಮಿಷ ನಿಲ್ಲಿಸಿ, ಆವಿ ಹೋಗಲಿ. ಆಮೇಲೆ ಬೆಣ್ಣೆಯೋ ತುಪ್ಪವೋ ತೆಳ್ಳಗೆ ಸವರಿ ಅದರ ಮೇಲೆ ಹಣ್ಣು ಹಾಕಿ. ಕೊಬ್ಬಿನ ಪದರ ಇದ್ದರೆ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೇ ಕರಿದ ಹಪ್ಪಳ ಮೆತ್ತಗಾಗುತ್ತದೆ, ಇನ್ನು ಟೋಸ್ಟ್ ಎಷ್ಟು ಹೊತ್ತು ತಡೆಯುತ್ತದೆ ಹೇಳಿ. ಮಾಡಿದ ಕೂಡಲೇ ತಿನ್ನಬೇಕು. ಫೋಟೊ ಎಲ್ಲ ಆಮೇಲೆ.

ಹೊಸೂರು ಹುಡುಗ:

ಮೊಟ್ಟೆಗೆ ನಾನು ಬಂದೆ. ಬ್ರೆಡ್ಡು, ಹಣ್ಣು ಎರಡೂ ಸಿದ್ಧ ಆದ ಮೇಲೆಯೇ ಮೊಟ್ಟೆ ಒಡೆಯಿರಿ ಅಣ್ಣ. ನಮ್ಮ ಕಡೆ ರಸ್ತೆ ಬದಿ ಅಂಗಡಿಯವರು ಹಾಫ್ ಬಾಯಿಲ್ (ಬುಲ್ಸ್ ಐಗೆ ನಮ್ಮಲ್ಲಿ ಹಾಗೆ ಅನ್ನುವುದು) ಹಾಕುವುದನ್ನು ನೋಡಿ ಮನೆಯಲ್ಲೂ ಹಾಗೇ ಜೋರು ಉರಿ ಇಡುವವರು ಸುಮಾರು ಜನ ಇದ್ದಾರೆ. ಅವರ ಕಲ್ಲು ದಿನವಿಡೀ ಕಾದು, ಎಣ್ಣೆ ಕುಡಿದು ಪಳಗಿರುತ್ತದೆ. ನಮ್ಮ ತೆಳ್ಳನೆ ಬಾಣಲೆಗೆ ಅದು ಆಗುವ ಮಾತಲ್ಲ.

ಬಿಳಿ ಗಟ್ಟಿಯಾಗಲು ಶುರು ಆಗುವುದು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಪೂರ್ತಿ ಗಟ್ಟಿಯಾಗಬೇಕಾದರೆ 80ರ ಹತ್ತಿರ ಹೋಗಬೇಕು. ಹಳದಿ 65ರಿಂದ 70ರೊಳಗೇ ಗಟ್ಟಿಯಾಗಿಬಿಡುತ್ತದೆ. ಅಂದರೆ ಹಳದಿಗೆ ಬಿಸಿ ಹತ್ತುವ ಮೊದಲು ಬಿಳಿ ಬೆಂದಿರಬೇಕು. ಅಡಿಯಿಂದ ಮಾತ್ರ ಉರಿ ಕೊಟ್ಟರೆ ಅಂಚಿನ ತೆಳ್ಳನೆ ಬಿಳಿ ಸುಡುತ್ತದೆ, ಹಳದಿಯ ಸುತ್ತ ಇರುವ ದಪ್ಪ ಬಿಳಿ ಹಸಿಯಾಗಿಯೇ ಉಳಿಯುತ್ತದೆ. ನಿಮಗೆ ಆಗುತ್ತಿರುವುದು ಅದೇ.

ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆ ಹಾಕಿ ಉರಿ ಸಣ್ಣ ಮಾಡಿ. ಮೊಟ್ಟೆಯನ್ನು ಮೊದಲು ಒಂದು ಸಣ್ಣ ಬಟ್ಟಲಿಗೆ ಒಡೆದುಕೊಂಡು, ಬಾಣಲೆಯ ಹತ್ತಿರ ತಂದು ಮೆಲ್ಲಗೆ ಜಾರಿಸಿ. ಅಂಚು ಬಿಳಿಯಾಗುತ್ತಿದ್ದ ಹಾಗೆ ಅರ್ಧ ಚಮಚ ನೀರನ್ನು ಬಾಣಲೆಯ ಬದಿಗೆ ಬಿಡಿ, ಮೊಟ್ಟೆಯ ಮೇಲಲ್ಲ. ತಕ್ಷಣ ಮುಚ್ಚಳ ಮುಚ್ಚಿ. ಅರ್ಧ ನಿಮಿಷಕ್ಕೆ ತೆಗೆದು ನೋಡಿ, ಬಿಳಿ ಇನ್ನೂ ಅಲುಗುತ್ತಿದ್ದರೆ ಇನ್ನೊಂದು ಸ್ವಲ್ಪ ಹೊತ್ತು. ಆವಿಗೆ ಮೇಲಿನ ಬಿಳಿ ಬೇಯುತ್ತದೆ, ಹಳದಿಯ ಮೇಲೆ ತೆಳ್ಳಗೆ ಒಂದು ಬಿಳಿ ಪರದೆ ಬರುತ್ತದೆ, ಒಳಗೆ ಹರಿಯುವ ಹಾಗೇ ಇರುತ್ತದೆ. ಆ ಪರದೆ ಬೇಡ, ಹಳದಿ ಹಳದಿಯಾಗಿಯೇ ಕಾಣಬೇಕು ಅಂದರೆ ಮುಚ್ಚಳ ಬಿಟ್ಟು ಬಾಣಲೆ ಓರೆ ಮಾಡಿ ಬಿಸಿ ಎಣ್ಣೆಯನ್ನು ಚಮಚದಲ್ಲಿ ಬಿಳಿಯ ಮೇಲೆ ಮಾತ್ರ ಸುರಿಯುತ್ತಾ ಇರಿ, ಎಣ್ಣೆ ಜಾಸ್ತಿ ಬೇಕು ಅದಕ್ಕೆ.

ಇನ್ನೊಂದು, ಸಟ್ಟುಗದಲ್ಲಿ ಎತ್ತಿದ ಕೂಡಲೇ ಟೋಸ್ಟ್ ಮೇಲೆ ಹಾಕಬೇಡಿ. ಎಣ್ಣೆ, ನೀರು ಸೋರುವವರೆಗೆ ಬಾಣಲೆಯ ಮೇಲೆಯೇ ಹಿಡಿದುಕೊಳ್ಳಿ. ಬ್ರೆಡ್ಡು ಪಿಚ್ಚನೆ ಆಗಲು ಅದೂ ಕಾರಣ. ಮೊಟ್ಟೆ ಹಳೆಯದಾದರೆ ಬಿಳಿ ತೆಳ್ಳಗಾಗಿ ಬಾಣಲೆ ತುಂಬ ಹರಡುತ್ತದೆ, ಏನು ಮಾಡಿದರೂ ಅಂಚು ಸುಡುತ್ತದೆ. ನೀರಿಗೆ ಹಾಕಿ ನೋಡಿ. ತಾಜಾ ಮೊಟ್ಟೆ ತಳದಲ್ಲಿ ಮಲಗುತ್ತದೆ, ಹಳೆಯದು ಎದ್ದು ನಿಲ್ಲುತ್ತದೆ.

ಪೆರ್ಲದಕ್ಕ:

ಎಣ್ಣೆ ಯಾವುದು ಅಂತ ಹೇಳಲೇ ಇಲ್ಲ ನೀವು. ತೆಂಗಿನೆಣ್ಣೆಯಲ್ಲಿ ಮಾಡಿದ ಬುಲ್ಸ್ ಐ ಬೇರೆಯೇ, ಮಿಲ್ಲಿನಲ್ಲಿ ಆಡಿಸಿ ತಂದದ್ದು. ಹೊಗೆ ಬರುವಷ್ಟು ಕಾಯಿಸದಿದ್ದರೆ ಆಯ್ತು. ಮತ್ತೆ ಸಣ್ಣ ಮಕ್ಕಳು, ಬಸುರಿಯರು, ವಯಸ್ಸಾದವರು ತಿನ್ನುವುದಾದರೆ ಈ ಹರಿಯುವ ಹಳದಿ ಬೇಡ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಅವರಿಗೆ ಮಗುಚಿ ಹಾಕಿ ಪೂರ್ತಿ ಬೇಯಿಸಿಯೇ ಕೊಡಿ.

ಹೊಸೂರು ಹುಡುಗ:

ತೆಂಗಿನೆಣ್ಣೆ ವಾಸನೆಗೆ ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ ಅಕ್ಕ, ನಮ್ಮದು ಕಡಲೆಕಾಯಿ ಎಣ್ಣೆ. ಜಗಳ ಬೇಡ.

ಅಕ್ಕಲಕೋಟದ ರೊಟ್ಟಿ:

ಬ್ರೆಡ್ಡೇ ಬೇಕು ಅಂತ ಯಾರು ಹೇಳಿದರು ರೀ? ಈ ತಿಂಡಿಗೆ ಹೆಸರು ತಂದವರು ಸಿಡ್ನಿಯ ಬಿಲ್ ಗ್ರೇಂಜರ್ ಅನ್ನುವ ಅಡುಗೆಯವರು ಅನ್ನುತ್ತಾರೆ, 1993ರಲ್ಲಿ ತಮ್ಮ ಕೆಫೆಯಲ್ಲಿ ಕೊಡಲು ಶುರು ಮಾಡಿದ್ದರು. ಹಣ್ಣು ಮೂಲದಲ್ಲಿ ಮೆಕ್ಸಿಕೊ ಕಡೆಯದು. ಅಲ್ಲಿಯ ಜನ ಮೆಕ್ಕೆಜೋಳದ ರೊಟ್ಟಿಯ ಜೊತೆ ತಿನ್ನುತ್ತಾರೆ, ಗರಿಗರಿ ಮಾಡಿದ ರೊಟ್ಟಿಯ ಮೇಲೂ ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಕಡಕ್ ಜೋಳದ ರೊಟ್ಟಿ ಡಬ್ಬಿ ತುಂಬ ಇರುತ್ತದೆ. ಅದನ್ನು ಅಂಗೈಯಗಲ ಮುರಿದು, ಮೇಲೆ ಒತ್ತಿದ ಬೆಣ್ಣೆಹಣ್ಣು, ಅದರ ಮೇಲೆ ಸೊಲ್ಲಾಪುರದ ಶೇಂಗಾ ಚಟ್ನಿ ಉದುರಿಸಿ, ಮೊಟ್ಟೆ ಪಕ್ಕದಲ್ಲಿ ಇಟ್ಟುಕೊಂಡು ತಿನ್ನಿ. ಮೆತ್ತಗಾಗುವ ಮಾತೇ ಇಲ್ಲ. ಮೊಟ್ಟೆಯನ್ನು ರೊಟ್ಟಿಯ ಮೇಲೆ ಇಟ್ಟರೆ ಮಾತ್ರ ಕಚ್ಚಿದಾಗ ಮುರಿದು ಎಲ್ಲ ಅಂಗಿ ಮೇಲೆ. ನಮ್ಮ ಕಡೆ ಈ ಹಣ್ಣು ಬೆಳೆಯುವುದಿಲ್ಲ, ಪುಣೆಗೆ ಹೋದವರು ತಂದರೆ ಉಂಟು. ಅದೂ ಟಾಂಜಾನಿಯಾದಿಂದ ಬಂದದ್ದು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಿಮಗೆ ಚೀಲಗಟ್ಟಲೆ ಪುಕ್ಕಟೆ ಸಿಗುತ್ತದೆ, ಪುಣ್ಯವಂತರು.

ಮುಳ್ಳೇರಿಯದಿಂದ:

ನಮ್ಮಲ್ಲಿ ಮೊಟ್ಟೆ ಮನೆಯೊಳಗೇ ಬರುವುದಿಲ್ಲ. ಆದರೂ ಈ ಟೋಸ್ಟ್ ಮಾಡುತ್ತೇವೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವಿನಸೊಪ್ಪು, ಒಂದು ಒಣಮೆಣಸು ಹಾಕಿ ಒಗ್ಗರಣೆ ಮಾಡಿ, ಅದು ತಣಿದ ಮೇಲೆ ಹಚ್ಚಿದ ಹಣ್ಣಿನ ಮೇಲೆ ಹಾಕಿದರೆ ಆಯ್ತು. ಉದ್ದಿನಬೇಳೆ ಹಲ್ಲಿಗೆ ಸಿಗುವಾಗ ಲಾಯ್ಕಿರುತ್ತದೆ. ಮೊಟ್ಟೆ ಇಟ್ಟವರು ಇದನ್ನೂ ಹಾಕಬಹುದು, ನಮ್ಮ ಅಡ್ಡಿ ಏನಿಲ್ಲ.

ನೀರ್ಚಾಲಿನವ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಟೊಮೆಟೊ ಬಿಟ್ಟು, ಬ್ರೆಡ್ಡು ಒರಗಿಸಿ, ಮೊಟ್ಟೆಗೆ ನೀರು ಬಿಟ್ಟು ಮುಚ್ಚಿ ಮಾಡಿದೆ. ಕಹಿ ಇಲ್ಲ. ಕೊನೆಯ ತುತ್ತಿನವರೆಗೂ ಬ್ರೆಡ್ಡು ಕರಕರ ಅಂತಿತ್ತು. ಗಾಂಧಾರಿ ಒಂದು ಪೂರ್ತಿ ಹಾಕಿದ್ದು ನನಗೆ ಜಾಸ್ತಿ ಆಯಿತು, ಕಣ್ಣಲ್ಲಿ ನೀರು. ಈಗ ಇನ್ನೊಂದು ಪ್ರಶ್ನೆ. ಚೀಲದಲ್ಲಿ ಉಳಿದ ಹಣ್ಣೆಲ್ಲ ಕಲ್ಲು. ಒಂದೆರಡು ಮಾತ್ರ ಮೆತ್ತಗಾಗಿ ಸಿಪ್ಪೆ ಸುಕ್ಕಾಗಿದೆ, ಆದರೆ ಒಳಗೆ ರಬ್ಬರು. ಇದು ಯಾಕೆ ಹೀಗೆ?

ತೋಟದಮನೆ:

ಆ ರಬ್ಬರಿನವು ಬಲಿಯುವ ಮೊದಲೇ ಕೊಯ್ದವು, ಅವು ಇನ್ನು ಹಣ್ಣಾಗುವುದಿಲ್ಲ, ಬಿಸಾಡಿ. ಬೆಣ್ಣೆಹಣ್ಣು ಮರದಲ್ಲಿ ಬಲಿಯುತ್ತದೆ, ಆದರೆ ಮರದಲ್ಲಿ ಹಣ್ಣಾಗುವುದಿಲ್ಲ. ಕೊಯ್ದ ಮೇಲೆಯೇ ಮೆತ್ತಗಾಗುವುದು. ಬಲಿತದ್ದು ಅಂತ ತಿಳಿಯಲು ಒಂದನ್ನು ಕತ್ತರಿಸಿ ಬೀಜದ ಮೇಲಿನ ಸಿಪ್ಪೆ ನೋಡಿ. ಎಳತರಲ್ಲಿ ಅದು ಬೆಳ್ಳಗೆ, ದಪ್ಪಗೆ ಇರುತ್ತದೆ, ಬಲಿತ ಮೇಲೆ ಕಂದು ಬಣ್ಣಕ್ಕೆ ತಿರುಗಿ ಕಾಗದದ ಹಾಗೆ ತೆಳ್ಳಗಾಗುತ್ತದೆ. ಕೆಲವು ಜಾತಿಯಲ್ಲಿ ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜದ ಸದ್ದು ಕೇಳುತ್ತದೆ.

ಗಟ್ಟಿ ಇರುವುದನ್ನು ಫ್ರಿಜ್ಜಿಗೆ ಹಾಕಬೇಡಿ, ಹಾಳಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ, ಇಲ್ಲವೇ ಪೇಪರಿನಲ್ಲಿ ಹಣ್ಣಾದ ಬಾಳೆಹಣ್ಣಿನ ಜೊತೆ ಸುತ್ತಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಗ್ಯಾಸಿಗೆ ಇದೂ ಬೇಗ ಹಣ್ಣಾಗುತ್ತದೆ. ದಿನಾ ಒಮ್ಮೆ ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಿ, ಅಲ್ಲಿ ಸ್ವಲ್ಪ ಒಳಗೆ ಹೋದರೆ ಆಯಿತು. ನಿಮ್ಮ ಹಸಿರು ಜಾತಿಯಲ್ಲಿ ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ಹಣ್ಣಾದ ಮೇಲೆ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಡಬಹುದು. ಅರ್ಧ ಉಳಿದರೆ ಬೀಜ ಬಿಟ್ಟರೆ ಕಪ್ಪಾಗುವುದಿಲ್ಲ ಅನ್ನುತ್ತಾರೆ. ಬೀಜದ ಅಡಿ ಮಾತ್ರ ಕಪ್ಪಾಗುವುದಿಲ್ಲ, ಉಳಿದ ಕಡೆ ಆಗಿಯೇ ಆಗುತ್ತದೆ. ಲಿಂಬೆ ಸವರಿ, ಗಾಳಿ ಆಡದ ಹಾಗೆ ಮುಚ್ಚಿಡಿ.

ಗಿಡ ನೆಡುವ ಯೋಚನೆ ಇದ್ದರೆ ಬೀಜ ಹಾಕಿ ಕಾಯಬೇಡಿ, ಕಸಿ ಗಿಡ ತನ್ನಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅಂತ ತಳಿಗಳಿವೆ. ನೀರು ನಿಲ್ಲುವ ಜಾಗ ಆಗದು, ಬೇರು ಕೊಳೆಯುತ್ತದೆ. ಅಡಿಕೆ ತೋಟದ ತಗ್ಗಿನಲ್ಲಿ ನೆಡಬೇಡಿ, ಗುಡ್ಡದ ಬದಿಗೆ ನೆಡಿ.

ನೀರ್ಚಾಲಿನವ:

ಅಕ್ಕಿ ಡಬ್ಬಿಗೆ ಹೋಯಿತು ಎಲ್ಲ. ಅಂದಹಾಗೆ ಕಡಕ್ ರೊಟ್ಟಿ ಕಾಸರಗೋಡಿನಲ್ಲಿ ಎಲ್ಲಾದರೂ ಸಿಗುತ್ತದಾ?

ಉಪ್ಪಳ ಸ್ಟೇಷನ್:

ಇಲ್ಲಿ ನಾನು ನೋಡಿಲ್ಲ. ಮಂಗಳೂರಿಗೆ ಹೋದಾಗ ಉತ್ತರ ಕರ್ನಾಟಕದವರ ಖಾನಾವಳಿಯಲ್ಲಿ ಕೇಳಿ, ಕಟ್ಟು ಕಟ್ಟಿ ಕೊಡುತ್ತಾರೆ. ರೈಲಿನಲ್ಲಿ ತರುವಾಗ ಚೀಲದ ಮೇಲೆ ಯಾರೂ ಕೂರದ ಹಾಗೆ ನೋಡಿಕೊಳ್ಳಿ.