ಅರವತ್ತು ಲೀಟರ್ ಹಂಡೆಗೆ ಎಂಥ ಗ್ಯಾಸ್ ಬರ್ನರ್ ಬೇಕು?

ಪ್ರಶ್ನೆ (ಪುಣೆಯಿಂದ): ನಾನು ಧಾರವಾಡದ ಕಡೆಯವನು. ಬಾಣೇರ್‌ನಲ್ಲಿ ಪರವಾನಗಿ ಪಡೆದ ಮೈಕ್ರೋಬ್ರೂವರಿಯೊಂದರಲ್ಲಿ ಸಹಾಯಕನಾಗಿದ್ದೇನೆ. ಹೊಸ ಬಗೆಯ ಬಿಯರನ್ನು ದೊಡ್ಡ ಟ್ಯಾಂಕಿನಲ್ಲಿ ಮಾಡುವ ಮೊದಲು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡುವುದು ನನ್ನ ಪಾಲಿನ ಕೆಲಸ. ಇಲ್ಲಿಯವರೆಗೆ 20 ಲೀಟರನ್ನು ಅಡುಗೆ ಒಲೆಯ ಮೇಲೆಯೇ ಕುದಿಸುತ್ತಿದ್ದೆವು. ಈಗ 80 ಲೀಟರ್ ಹಿಡಿಯುವ ಸ್ಟೀಲ್ ಹಂಡೆ ತಂದಿದ್ದು, ಒಂದು ಸಲಕ್ಕೆ 60 ಲೀಟರ್ ವರ್ಟ್ (ಬಿಯರ್ ಆಗುವ ಮೊದಲಿನ, ಮಾಲ್ಟ್ ಎಂಬ ಮೊಳಕೆ ಬರಿಸಿ ಒಣಗಿಸಿದ ಕಾಳಿನ ಸಿಹಿ ರಸ) ಕುದಿಸಬೇಕಾಗಿದೆ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಗಂಟೆಗೆ ಎರಡು ಲಕ್ಷ ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ) ಕೊಡುವ ಪ್ರೊಪೇನ್ ಬರ್ನರುಗಳನ್ನು ಹೊಗಳುತ್ತಾರೆ. ರವಿವಾರ ಪೇಠೆಯ ಅಂಗಡಿಗಳಲ್ಲಾದರೆ ಯಾವ ಅಂಕಿಯೂ ಇಲ್ಲದ ಭಟ್ಟಿ ಬರ್ನರುಗಳನ್ನು ತೋರಿಸುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಕ್ಯಾಂಟೀನು ಮತ್ತು ಮಂಗಲ ಕಾರ್ಯಾಲಯಗಳ ಅಡುಗೆಮನೆಗಳಿಗೆ ಗ್ಯಾಸ್ ಲೈನ್ ಹಾಕುವುದು ನನ್ನ ಉದ್ಯೋಗ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲು ಬರ್ನರ್ ಕೊಂಡು, ಅದು ಸರಿಯಾಗಿ ಉರಿಯದಿದ್ದಾಗ ಸಿಲಿಂಡರನ್ನು ಬೈಯುತ್ತಾರೆ. ನೀವು ಲೆಕ್ಕವನ್ನು ಹಂಡೆಯಿಂದ ಆರಂಭಿಸಿ, ಸಿಲಿಂಡರ್ ಎಷ್ಟು ಗ್ಯಾಸ್ ಕೊಡಬಲ್ಲದು ಎಂಬುದನ್ನು ನೋಡಿಕೊಂಡು, ಬರ್ನರಿನ ವಿಚಾರಕ್ಕೆ ಕೊನೆಯಲ್ಲಿ ಬನ್ನಿ.

ಮ್ಯಾಶ್, ಅಂದರೆ ಕಾಳನ್ನು ಬಿಸಿನೀರಿನಲ್ಲಿ ನೆನೆಸಿಡುವ ಹಂತ, ಮುಗಿಸಿ ಕಾಳನ್ನು ಸೋಸಿ ತೆಗೆದಾಗ ವರ್ಟ್ ಸುಮಾರು 70 ಡಿಗ್ರಿಯಲ್ಲಿರುತ್ತದೆ. 60 ಲೀಟರನ್ನು ಅಲ್ಲಿಂದ ಕುದಿಗೆ ತರಲು ಬೇಕಾಗುವುದು 1,800 ಕಿಲೋಕ್ಯಾಲರಿ, ಅಂದರೆ ಎರಡು ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚು ಶಾಖ. ಆದರೆ ತೆರೆದ ಒಲೆಯಲ್ಲಿ ಉರಿಯ ಶೇ 40ರಷ್ಟು ಶಾಖ ಹಂಡೆಗೆ ಸೇರಿದರೆ ಅದೇ ದೊಡ್ಡದು, ಉಳಿದದ್ದು ಹಂಡೆಯ ಬದಿಗಳನ್ನು ಸವರಿಕೊಂಡು ಗಾಳಿಗೆ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೆ, ಅರ್ಧ ಗಂಟೆಯಲ್ಲಿ ಕುದಿ ಬರಬೇಕೆನ್ನುವವರಿಗೆ ಸುಮಾರು 10ರಿಂದ 11 ಕಿಲೋವ್ಯಾಟ್ ಬರ್ನರ್ ಬೇಕು. ಕುದಿ ಬಂದ ಮೇಲೆ ಗಂಟೆಗೆ 6 ಲೀಟರ್ ಆವಿಯಾಗುವಂತೆ ಕುದಿಸುತ್ತಿರಲು 9 ಕಿಲೋವ್ಯಾಟಿನಷ್ಟು ಸಾಕಾಗುತ್ತದೆ. ಗಾಳಿಗೂ ಅವಸರಕ್ಕೂ ಸ್ವಲ್ಪ ಬಿಟ್ಟುಕೊಂಡು 15 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ಬಿಟಿಯು ಲೆಕ್ಕದಲ್ಲಿ ಅದು ಗಂಟೆಗೆ ಸುಮಾರು 51 ಸಾವಿರ. ಮನೆಯ ಒಲೆಯ ದೊಡ್ಡ ಬರ್ನರ್ ಎರಡು, ಎರಡೂವರೆ ಕಿಲೋವ್ಯಾಟಿನ ಆಸುಪಾಸಿನದು. 20 ಲೀಟರಿಗೇ ಅದು ಏದುಸಿರು ಬಿಡುತ್ತಿದ್ದದ್ದನ್ನು ನೀವೇ ನೋಡಿರುತ್ತೀರಿ.

ಇನ್ನು ಎರಡು ಲಕ್ಷ ಬಿಟಿಯು ಎಂದರೆ 58 ಕಿಲೋವ್ಯಾಟಿಗೂ ಹೆಚ್ಚು. ಒಂದು ಕೆಜಿ ಎಲ್‌ಪಿಜಿ ಸುಮಾರು 12.8 ಯೂನಿಟ್ ಶಾಖ ಕೊಡುತ್ತದೆ, ಆದ್ದರಿಂದ ಆ ಬರ್ನರನ್ನು ಪೂರ್ತಿ ತೆರೆದರೆ ಗಂಟೆಗೆ ನಾಲ್ಕೂವರೆ ಕೆಜಿ ಗ್ಯಾಸ್ ಬೇಕು. ಸಿಲಿಂಡರಿನೊಳಗೆ ಇರುವುದು ದ್ರವ. ಅದು ಆವಿಯಾಗಿಯೇ ಹೊರಬರಬೇಕು, ಆವಿಯಾಗಲು ಬೇಕಾದ ಶಾಖವನ್ನು ತನ್ನಿಂದಲೂ ಸಿಲಿಂಡರಿನ ಗೋಡೆಯಿಂದಲೂ ಎಳೆದುಕೊಳ್ಳಬೇಕು. 19 ಕೆಜಿಯ ವಾಣಿಜ್ಯ ಸಿಲಿಂಡರಿನಿಂದ ಎಡೆಬಿಡದೆ ಗಂಟೆಗೆ ಒಂದು ಕೆಜಿಯ ಆಸುಪಾಸಿನಲ್ಲಿ ಎಳೆಯುವುದು ಹಿತವೆಂದು ನಾವು ಲೆಕ್ಕ ಹಿಡಿಯುತ್ತೇವೆ. ಅದನ್ನು ಮೀರಿ ಎಳೆದರೆ ಸಿಲಿಂಡರಿನ ಹೊಟ್ಟೆಯ ಮೇಲೆ ಮೊದಲು ಬೆವರು ಮೂಡುತ್ತದೆ, ಆಮೇಲೆ ಬಿಳಿಯ ಹಿಮದ ಪದರ ದ್ರವ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಗೆರೆ ಎಳೆದಂತೆ ಕಟ್ಟುತ್ತದೆ, ಮತ್ತು ಉರಿ ತಾನಾಗಿಯೇ ಕುಗ್ಗುತ್ತದೆ. ಆಗ ಕೆಲವರು ಸಿಲಿಂಡರಿನ ಮೇಲೆ ಬಿಸಿನೀರು ಸುರಿಯುತ್ತಾರೆ, ಇನ್ನು ಕೆಲವರು ಅದನ್ನು ಅಡ್ಡ ಮಲಗಿಸುತ್ತಾರೆ. ಎರಡನ್ನೂ ಮಾಡಬೇಡಿ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗಿ ಉರಿ ಆಳೆತ್ತರಕ್ಕೆ ಏಳುತ್ತದೆ. 15 ಕಿಲೋವ್ಯಾಟಿನ ಬರ್ನರ್ ಪೂರ್ತಿ ತೆರೆದಾಗ ಗಂಟೆಗೆ 1.2 ಕೆಜಿ ಉರಿಸುತ್ತದೆ, ಕುದಿ ಬಂದ ಮೇಲೆ ತಗ್ಗಿಸಿದರೆ ಮುಕ್ಕಾಲು ಕೆಜಿಗೆ ಇಳಿಯುತ್ತದೆ. ಒಂದು ಸಿಲಿಂಡರ್ ಇದನ್ನು ತಾಳಿಕೊಳ್ಳುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ಅಮೆರಿಕದವರ ಸಿಲಿಂಡರಿನಲ್ಲಿರುವುದು ಬಹುಪಾಲು ಪ್ರೊಪೇನ್, ಅದು ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ನಮ್ಮ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನುಗಳ ಮಿಶ್ರಣ, ಬ್ಯೂಟೇನಿನ ಕುದಿಬಿಂದು ಸೊನ್ನೆಗೆ ತುಸು ಕೆಳಗಷ್ಟೇ. ಪ್ರೊಪೇನ್ ಮೊದಲು ಹೊರಟುಹೋಗುವುದರಿಂದ ಸಿಲಿಂಡರಿನ ತಳದ ಭಾಗ ಮಂದವಾಗಿರುತ್ತದೆ, ಪುಣೆಯ ಡಿಸೆಂಬರ್ ಮುಂಜಾವಿನಲ್ಲಿ ಇದು ಚೆನ್ನಾಗಿ ಅರಿವಾಗುತ್ತದೆ. ಬರ್ನರನ್ನು ಅಲ್ಲಿಂದ ತರಿಸಿದರೆ ಅದರ ರೆಗ್ಯುಲೇಟರ್ ನಮ್ಮ ವಾಲ್ವಿಗೆ ಕೂರುವುದಿಲ್ಲ, ಉರಿಯ ತುದಿ ಹಳದಿಯಾಗಿ ಹಂಡೆಗೆ ಮಸಿ ಹಿಡಿಯುವುದೂ ಉಂಟು. ಗಾಳಿಯ ಕಿಂಡಿಯನ್ನು ಹೆಚ್ಚು ತೆರೆದು ಮಸಿಯನ್ನೇನೋ ನಿಲ್ಲಿಸಬಹುದು, ಆದರೆ ಅಷ್ಟು ದುಡ್ಡು ಕೊಟ್ಟು ತಂದು ಆ ತೊಂದರೆ ಯಾಕೆ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯ ಬರ್ನರಿನ ಮೇಲೆ ಅಂಕಿ ಇಲ್ಲದಿದ್ದರೆ ನೀವೇ ಅಳೆಯಬಹುದು. ಸಿಲಿಂಡರನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಬರ್ನರನ್ನು ಪೂರ್ತಿ ತೆರೆದು 15 ನಿಮಿಷ ಉರಿಸಿ, ತೂಕ ಎಷ್ಟು ಇಳಿಯಿತೆಂದು ನೋಡಿ. 300 ಗ್ರಾಂ ಇಳಿದಿದ್ದರೆ ಗಂಟೆಗೆ 1.2 ಕೆಜಿ, ಅಂದರೆ ನಿಮಗೆ ಬೇಕಾದ 15 ಕಿಲೋವ್ಯಾಟ್. ಇದಕ್ಕೆ ಒಪ್ಪದ ಅಂಗಡಿಯವನಿಂದ ಬರ್ನರ್ ಕೊಳ್ಳಬೇಡಿ.

ಅದೇ ಪ್ರಶ್ನಕರ್ತರು: ತಕ್ಕಡಿಯ ಉಪಾಯ ಕೆಲಸಕ್ಕೆ ಬಂತು, ಧನ್ಯವಾದ. ಎರಡು ಬರ್ನರುಗಳು ಹೆಚ್ಚುಕಡಿಮೆ ಅಷ್ಟೇ ಗ್ಯಾಸ್ ಉರಿಸಿದವು. ಒಂದು ನಡುವೆ ಒಂದೇ ದಪ್ಪ ಜೆಟ್ (ಗ್ಯಾಸ್ ಚಿಮ್ಮುವ ತೂತು) ಇರುವ ಹೈಪ್ರೆಶರ್ ಬರ್ನರ್, ವಿಮಾನದಂತೆ ಸದ್ದು ಮಾಡುತ್ತದೆ. ಇನ್ನೊಂದು ಬೀಡು ಕಬ್ಬಿಣದ ಅಗಲವಾದ ಉಂಗುರದ ಬರ್ನರ್. ಸಿಲಿಂಡರ್ ಮುಗಿದರೆ ಮನೆಯದನ್ನೇ ತಂದು ಜೋಡಿಸಬಹುದೇ?

ಉತ್ತರ: ಉಂಗುರದ್ದನ್ನೇ ತೆಗೆದುಕೊಳ್ಳಿ. ಒಂದೇ ಜೆಟ್ಟಿನ ಉರಿ ಹಂಡೆಯ ತಳದ ನಡುವೆ ಅಂಗೈಯಗಲದ ಜಾಗವನ್ನಷ್ಟೇ ಸುಡುತ್ತದೆ. ಮಾಲ್ಟಿನ ಸಕ್ಕರೆ ಅಲ್ಲಿ ಕಪ್ಪಾಗಿ ಅಂಟಿಕೊಂಡರೆ ಆ ಸೀದ ರುಚಿ ಇಡೀ ಬ್ಯಾಚಿಗೆ ಹತ್ತುತ್ತದೆ, ಕಹಿಗೂ ಪರಿಮಳಕ್ಕೂ ಹಾಕುವ ಯಾವ ಹಾಪ್ಸ್ ಹೂವೂ ಅದನ್ನು ಮುಚ್ಚಲಾರದು. ಸ್ಟೀಲ್ ಶಾಖವನ್ನು ಬದಿಗೆ ಹರಡುವುದರಲ್ಲಿ ಹಿಂದು, ನಿಮ್ಮ ಹಂಡೆಯ ತಳ ತೆಳುವಾಗಿದ್ದರಂತೂ ಹಲವು ರಂಧ್ರಗಳ ಹರಡಿದ ಉರಿಯೇ ಬೇಕು.

ಸ್ಟ್ಯಾಂಡಿನ ಬಗ್ಗೆ ನೀವು ಕೇಳಲಿಲ್ಲ, ನಾನಾದರೆ ಬರ್ನರಿಗಿಂತ ಮೊದಲು ಅದನ್ನೇ ನೋಡುತ್ತೇನೆ. ತುಂಬಿದ ಹಂಡೆ 70 ಕೆಜಿ ದಾಟುತ್ತದೆ. ಕಬ್ಬಿಣದ ಕೋನಪಟ್ಟಿಯಲ್ಲಿ ಬೆಸೆದ, ಹಂಡೆಯ ತಳಕ್ಕಿಂತ ಅಗಲವಾದ, ಮೊಣಕಾಲಿನ ಎತ್ತರವನ್ನು ಮೀರದ ಸ್ಟ್ಯಾಂಡನ್ನು ಭೋಸರಿಯ ಯಾವುದೇ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳಬಹುದು. ಗಾಳಿ ತಡೆಯಲು ಮೂರು ಬದಿಗೆ ತಗಡು ಹಾಕಿಸಿ, ನಾಲ್ಕನೆಯ ಬದಿಯನ್ನು ತೆರೆದಿಡಿ, ಸಿಲಿಂಡರ್ ತಗಡಿನ ಹೊರಗಿರಲಿ.

ಕುದಿ ಬರುವ ಮುಂಚಿನ ಎರಡು ಮೂರು ನಿಮಿಷ ಹಂಡೆಯ ಬಳಿಯಿಂದ ಕದಲಬೇಡಿ. ಮಾಲ್ಟಿನ ಪ್ರೋಟೀನ್ ನೊರೆಯಾಗಿ ಹಾಲಿಗಿಂತ ಬೇಗ ಉಕ್ಕುತ್ತದೆ. ಹಿಂದೊಮ್ಮೆ ಒಂದು ಅಡುಗೆಮನೆಯಲ್ಲಿ ಲೈನ್ ಪರೀಕ್ಷಿಸಲು ಹೋಗಿದ್ದಾಗ ದೊಡ್ಡ ಪಾತ್ರೆಯ ಹಾಲು ಉಕ್ಕಿ ಉರಿಯ ಅರ್ಧ ಭಾಗ ನಂದಿಹೋಗಿತ್ತು. ನಂದಿದ ಕಡೆಯ ರಂಧ್ರಗಳಿಂದ ಗ್ಯಾಸ್ ಹೊರಬರುತ್ತಲೇ ಇತ್ತು, ಅಡುಗೆಯವರು ನೆಲ ಒರೆಸುವುದರಲ್ಲಿ ಮಗ್ನರಾಗಿದ್ದರು. ಆದ್ದರಿಂದ ಉರಿ ನಂದಿದಾಗ ಗ್ಯಾಸನ್ನು ತಾನೇ ನಿಲ್ಲಿಸುವ ಥರ್ಮೋಕಪಲ್ ವಾಲ್ವ್ ಇರುವ ಬರ್ನರಿಗೆ ತುಸು ಹೆಚ್ಚು ಹಣ ಹೋದರೂ ಹೋಗಲಿ. ಮುಚ್ಚಳ ಮುಚ್ಚಿ ಕುದಿಸುವುದಂತೂ ಬೇಡ, ಉಕ್ಕುವ ಕಾರಣಕ್ಕೆ ಮಾತ್ರವಲ್ಲ, ಬೆಂದ ಮೆಕ್ಕೆಜೋಳದಂಥ ವಾಸನೆಯ ಗಂಧಕದ ಸಂಯುಕ್ತ ಆವಿಯ ಜೊತೆ ಹೊರಗೆ ಹೋಗಬೇಕೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ಅದರ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡಕ್ಕೆ ಕಟ್ಟಿದ್ದು, ಹೈಪ್ರೆಶರ್ ಬರ್ನರನ್ನು ಅದು ನಡೆಸುವುದೂ ಇಲ್ಲ. ಪೈಪಿನ ಮೇಲೆ ಐಎಸ್ 9573 (ಎಲ್‌ಪಿಜಿ ರಬ್ಬರ್ ಪೈಪಿನ ಭಾರತೀಯ ಮಾನಕ) ಎಂದು ಅಚ್ಚಾಗಿದೆಯೇ, ನಿಮ್ಮ ಒತ್ತಡಕ್ಕೆಂದೇ ಮಾಡಿದ್ದೇ ಎಂದು ನೋಡಿ ಕೊಳ್ಳಿ.

ಪ್ರಶ್ನೆ (ಮಡಗಾಂವದಿಂದ): ನಾನು ಕಾರವಾರದವಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮುರುಗಲು ಹಣ್ಣಿನ ಪಾನಕದ ಪಾಕವನ್ನು 40 ಲೀಟರಿನಂತೆ ಅಂಗಳದಲ್ಲಿ ಮಾಡಿ ಮಾರುತ್ತೇನೆ. ಮಳೆ ಹಿಡಿದ ಮೇಲೆ ಬರ್ನರನ್ನು ಕಾರು ನಿಲ್ಲಿಸುವ ಜಾಗಕ್ಕೆ ತಂದು ಶಟರನ್ನು ಅರ್ಧ ಇಳಿಸಿಕೊಳ್ಳುತ್ತೇನೆ. ಇದು ಸರಿಯೇ?

ಉತ್ತರ: ಸರಿಯಲ್ಲ, ತಾಯಿ. ಒಂದು ಕೆಜಿ ಎಲ್‌ಪಿಜಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಗಾಳಿ ಸಾಲದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೋರಿದ ಎಲ್‌ಪಿಜಿಗೆ ವಾಸನೆ ಸೇರಿಸಿರುತ್ತಾರೆ, ಆದರೆ ಅದು ಗಾಳಿಗಿಂತ ಭಾರ, ಶಟರನ್ನು ಅರ್ಧ ತೆರೆದಿಟ್ಟರೂ ನೆಲದ ತಗ್ಗಿನಲ್ಲಿ, ಚರಂಡಿಯ ಬಾಯಲ್ಲಿ ನೀರಿನಂತೆ ನಿಂತುಕೊಳ್ಳುತ್ತದೆ. ಅಂಗಳಕ್ಕೇ ತಗಡಿನ ಎತ್ತರದ ಮಾಡು ಹಾಕಿಸಿ, ಬದಿಗಳನ್ನು ತೆರೆದಿಡಿ. ಪಾಕ ವರ್ಟಿಗಿಂತ ದಪ್ಪವಾದ್ದರಿಂದ ಬೇಗ ತಳ ಹಿಡಿಯುತ್ತದೆ, ಪ್ರಮಾಣವೂ ಕಡಿಮೆ, ಹಾಗಾಗಿ ನಿಮಗೆ 8ರಿಂದ 10 ಕಿಲೋವ್ಯಾಟಿನ ಉಂಗುರದ ಬರ್ನರ್ ಸಾಕು. ಮುರುಗಲು ಹುಳಿಯಾದ್ದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಕಲಾಯಿ ಹೋದ ತಾಮ್ರವೂ ಬೇಡ.

ಪ್ರಶ್ನೆ (ಡೊಂಬಿವಲಿಯಿಂದ): ನಮ್ಮದು ಪೈಪ್ ಗ್ಯಾಸಿನ ಫ್ಲ್ಯಾಟ್. ಬಾಲ್ಕನಿಯಲ್ಲಿ ಭಟ್ಟಿ ಬರ್ನರ್ ಇಟ್ಟು ಅದೇ ಲೈನಿಗೆ ಜೋಡಿಸಿ, ಹವ್ಯಾಸಕ್ಕೆಂದು ಬಿಯರ್ ಮಾಡಬಹುದೇ?

ಉತ್ತರ: ಮಹಾರಾಷ್ಟ್ರದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು 1949ರ ಪಾನನಿಷೇಧ ಕಾಯ್ದೆ ನಿಷೇಧಿಸುತ್ತದೆ, ಹವ್ಯಾಸಕ್ಕಾದರೂ ಅಷ್ಟೇ. ಬರ್ನರಿನ ಮಾತಿಗೆ ಬಂದರೆ, ಪೈಪ್ ಗ್ಯಾಸ್ ಮನೆಗೆ 21 ಮಿಲಿಬಾರಿನಲ್ಲಿ ಬರುತ್ತದೆ, ಎಲ್‌ಪಿಜಿಯ ಸಣ್ಣ ಜೆಟ್ಟಿನಲ್ಲಿ ಅದು ಮಿಣುಕುವುದಷ್ಟೇ. ಜೆಟ್ಟನ್ನು ಕೊರೆದು ದೊಡ್ಡದು ಮಾಡಿಸಿಕೊಂಡ ಬರ್ನರನ್ನು ಮುಂದೆ ಯಾರಾದರೂ ಸಿಲಿಂಡರಿಗೆ ಜೋಡಿಸಿದರೆ ಉರಿ ಅಳತೆ ಮೀರಿ ಏಳುತ್ತದೆ. ಮೀಟರಿನ ನಂತರದ ಪೈಪಿಗೆ ನೀವಾಗಿಯೇ ಹೊಸ ಕವಲು ಹಾಕಿಸಬೇಡಿ. ಈಗಾಗಲೇ ಹಾಕಿಸಿದ್ದರೆ ಮೀಟರ್ ಪಕ್ಕದ ವಾಲ್ವ್ ಮುಚ್ಚಿ, ಗ್ಯಾಸ್ ಕಂಪನಿಯವರನ್ನು ಕರೆಸಿ ತೆಗೆಸಿಬಿಡಿ.