‘ಓದಬಲ್ಲೆ’, ‘ಓದಬಹುದು’, ‘ಓದಲು ಬರುತ್ತದೆ’: ಸ್ವಮೌಲ್ಯಮಾಪನದ ಹೇಳಿಕೆಗಳಿಗೆ ಯಾವ ರೂಪ ತಕ್ಕದ್ದು?

ಎಲ್ಲರಿಗೂ ನಮಸ್ಕಾರ. ಗಂಗಾವತಿ, ಕಾರಟಗಿ ಸುತ್ತಲಿನ ಕ್ಯಾಂಪುಗಳ (ವಲಸೆ ಬಂದವರು ನೆಲೆಸಿದ ಊರುಗಳ) ತೆಲುಗು ಮನೆಮಾತಿನವರಿಗೂ ಸಿಂಧನೂರು ಬಳಿಯ ಪುನರ್ವಸತಿ ಕ್ಯಾಂಪುಗಳ ಕೆಲವು ಬಂಗಾಳಿ ಮಾತಿನವರಿಗೂ ಕನ್ನಡ ಹೇಳಿಕೊಡುವ ಕೆಲಸದಲ್ಲಿ, ಕಲಿಯುವವರು ತಮ್ಮ ಪ್ರಗತಿಯನ್ನು ತಾವೇ ಗುರುತಿಸಿಕೊಳ್ಳುವಂಥ ಒಂದು ಪೋರ್ಟ್‌ಫೋಲಿಯೊವನ್ನು ಕನ್ನಡದಲ್ಲಿ ರೂಪಿಸುತ್ತಿದ್ದೇವೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಬಳಕೆಗೆ ತಂದ ಭಾಷಾ ಪೋರ್ಟ್‌ಫೋಲಿಯೊ ನಮಗೆ ಮಾದರಿ. ಅದರಲ್ಲಿ ಮೂರು ಭಾಗಗಳಿವೆ: ಯಾವ ಭಾಷೆ ಎಷ್ಟರ ಮಟ್ಟಿಗೆ ಬರುತ್ತದೆ ಎಂದು ತೋರಿಸುವ ಪಾಸ್‌ಪೋರ್ಟ್, ಕಲಿಕೆಯ ಗುರಿಗಳನ್ನೂ ಅನುಭವಗಳನ್ನೂ ಬರೆದಿಡುವ ಕಲಿಕೆಯ ಚರಿತ್ರೆ, ಮತ್ತು ಬರೆದ ಕಾಗದಪತ್ರಗಳನ್ನು ಕೂಡಿಡುವ ಸಂಗ್ರಹ. ಆಲಿಸುವುದು, ಓದುವುದು, ಮಾತುಕತೆ ನಡೆಸುವುದು, ಒಬ್ಬರೇ ವಿಷಯ ವಿವರಿಸುವುದು, ಬರೆಯುವುದು ಎಂಬ ಐದು ಬಾಬುಗಳಲ್ಲಿ ಆರಂಭದ ಎ1ರಿಂದ ಅತಿ ಮೇಲಿನ ಸಿ2ರವರೆಗಿನ ಆರು ಹಂತಗಳ ಪೈಕಿ ತಾನು ಎಲ್ಲಿದ್ದೇನೆಂದು ಕಲಿಯುವವರೇ ಗುರುತು ಹಾಕಿಕೊಳ್ಳುತ್ತಾರೆ.

ತೊಡಕು ಇರುವುದು ಈ ಗುರುತು ಹಾಕುವ ವಾಕ್ಯಗಳಲ್ಲಿ. ಇಂಗ್ಲಿಷಿನಲ್ಲಿ ಅವು ಬಹುಮಟ್ಟಿಗೆ ‘ಐ ಕ್ಯಾನ್’ ಎಂದು ಆರಂಭವಾಗುತ್ತವೆ. ಕನ್ನಡಕ್ಕೆ ತಂದವರು ಸಾಮಾನ್ಯವಾಗಿ ‘ನಾನು ಬಸ್ಸಿನ ಫಲಕವನ್ನು ಓದಬಲ್ಲೆ’ ಎಂದೋ ‘ಓದಬಹುದು’ ಎಂದೋ ಬರೆಯುತ್ತಾರೆ. ‘ಓದಬಹುದು’ ಎನ್ನುವುದು ಅನುಮತಿ ಅಥವಾ ಸಂಭವವನ್ನು ಹೇಳುತ್ತದೆಯೇ ಹೊರತು ಕಲಿತು ಬಂದ ಸಾಮರ್ಥ್ಯವನ್ನಲ್ಲ. ತೆಲುಗಿನವರಿಗಂತೂ ಇದು ನೇರವಾಗಿ ‘ಚದವಚ್ಚು’ ಎಂದೇ ಕೇಳಿಸುತ್ತದೆ, ಅಂದರೆ ಓದಲು ಅಡ್ಡಿಯಿಲ್ಲ ಎಂದು. ‘ಓದಬಲ್ಲೆ’ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟ, ಅಚ್ಚುಕಟ್ಟು. ಆದರೆ ಈ ಭಾಗದ ದಿನಬಳಕೆಯ ಮಾತಿನಲ್ಲಿ ಅದು ಅಪರೂಪ. ‘ಬಲ್ಲವರು’, ‘ಬಲ್ಲವನೇ ಬಲ್ಲ ಬೆಲ್ಲದ ರುಚಿಯ’ ಎಂಬಲ್ಲಿರುವ ಜಾಣತನದ ಛಾಯೆ ಅದಕ್ಕೆ ಅಂಟಿಕೊಂಡಿರುವುದರಿಂದಲೋ ಏನೋ, ಈಗತಾನೆ ಅಕ್ಷರ ಕೂಡಿಸುತ್ತಿರುವವರು ಆ ವಾಕ್ಯದ ಎದುರು ಗುರುತು ಹಾಕಲು ಹಿಂಜರಿಯುತ್ತಾರೆ.

ಬಾಯಿಮಾತಿನಲ್ಲಿ ಕೇಳಿದರೆ ಹಿಂಜರಿಕೆ ಇರುವುದಿಲ್ಲ. ‘ಕನ್ನಡ ಬರ್ತದೇನು?’ ಎಂದರೆ ‘ತಿಳೀತದ, ಮಾತಾಡಾಕ ಅಷ್ಟು ಬರಂಗಿಲ್ಲ’ ಎಂಬ ಉತ್ತರ ಕೂಡಲೇ ಸಿಗುತ್ತದೆ. ಆಲಿಸಿ ಅರ್ಥಮಾಡಿಕೊಳ್ಳುವುದಕ್ಕೆ ‘ತಿಳಿಯುತ್ತದೆ’, ರೂಢಿಸಿಕೊಂಡ ಕೌಶಲಕ್ಕೆ ‘ಬರುತ್ತದೆ’, ಸಮಯವೋ ಕಣ್ಣಿನ ಶಕ್ತಿಯೋ ಒದಗುವುದಕ್ಕೆ ‘ಆಗುತ್ತದೆ’ ಎಂದು ನಮ್ಮ ಮಾತು ತಾನಾಗಿಯೇ ವಿಂಗಡಿಸಿಕೊಂಡಿರುವಾಗ, ಇವೆಲ್ಲವನ್ನೂ ಒಂದೇ ‘ಬಲ್ಲೆ’ಯ ಕೆಳಗೆ ತುರುಕುವುದು ನಷ್ಟವೆಂದೇ ನನ್ನ ಅಭಿಪ್ರಾಯ. ತೆಲುಗಿನಲ್ಲಿಯೂ ‘ನಾಕು ಕನ್ನಡ ವಚ್ಚು’ ಎಂಬ ಇದೇ ಜಾಡಿನ ರಚನೆ ಇರುವುದರಿಂದ ‘ನನಗೆ ಓದಲು ಬರುತ್ತದೆ’ ಎಂಬುದನ್ನು ಅವರಿಗೆ ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಬಂಗಾಳಿಯವರ ವಿಷಯ ಬೇರೆ. ಅವರ ‘ಆಮಿ ಪೊಡ್ತೆ ಪಾರಿ’ಯಲ್ಲಿ ಕರ್ತೃ ‘ನಾನು’ ಎಂದೇ ನಿಲ್ಲುತ್ತದೆ; ಹಾಗಾಗಿ ‘ನಾನು ಓದಲು ಬರುತ್ತದೆ’ ಎಂದು ಬರೆದುಬಿಡುತ್ತಾರೆ. ಅವರಿಗೆ ‘ನಾನು ಓದಬಲ್ಲೆ’ ರಚನೆಯೇ ಹತ್ತಿರ. ಹಾಗೆಂದು ಎರಡು ಬಗೆಯ ಪಟ್ಟಿಗಳನ್ನು ಅಚ್ಚು ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ.

‘ಬರುತ್ತದೆ’ಯ ಕೊರತೆಯೆಂದರೆ ಅದು ಬಂದರೆ ಪೂರ್ತಿ, ಇಲ್ಲವಾದರೆ ಇಲ್ಲ ಎಂಬಂತೆ ಧ್ವನಿಸುವುದು. ಹಂತಗಳನ್ನು ತೋರಿಸಲು ‘ಒಬ್ಬರು ನೆರವಾದರೆ’, ‘ತಡೆದು ತಡೆದು’, ‘ತಕ್ಕಮಟ್ಟಿಗೆ’, ‘ಸರಾಗವಾಗಿ’ ಎಂಬ ವಿಶೇಷಣಗಳನ್ನು ಸೇರಿಸಿದ್ದೇವೆ. ಉದಾಹರಣೆಗೆ, ‘ಪಹಣಿಯಲ್ಲಿ ನನ್ನ ಹೆಸರು, ಸರ್ವೆ ನಂಬರು ಹುಡುಕಿ ಓದಲು ತಡೆದು ತಡೆದು ಬರುತ್ತದೆ’. ತೆಲುಗು ಲಿಪಿ ಬಲ್ಲವರು ಈ ಸಾಲಿಗೆ ಬೇಗ ಗುರುತು ಹಾಕುತ್ತಾರೆ, ಏಕೆಂದರೆ ಎರಡೂ ಲಿಪಿಗಳು ಒಂದೇ ಮೂಲದವು. ಆದರೆ ಅದೇ ಪಹಣಿಯ ಬಗ್ಗೆ ಅರ್ಜಿ ಬರೆಯುವ ಸಾಲು ಬಹುಕಾಲ ಖಾಲಿ ಇರುತ್ತದೆ. ಸಂತೆಯಲ್ಲಿ ಕನ್ನಡ ಕಲಿತ ಬಂಗಾಳಿ ಹೆಣ್ಣುಮಕ್ಕಳ ಹಾಳೆಯಲ್ಲಿ ಮಾತುಕತೆಯ ಬಾಬು ತುಂಬಿದ್ದರೆ ಓದುವ ಬಾಬು ಬರಿದು. ಐದು ಬಾಬುಗಳನ್ನು ಬೇರೆಬೇರೆಯಾಗಿ ಅಳೆಯುವುದರ ಪ್ರಯೋಜನ ಇಲ್ಲಿಯೇ ಕಾಣುತ್ತದೆ.

ಇನ್ನು ಇಡೀ ಪೋರ್ಟ್‌ಫೋಲಿಯೊವನ್ನು ಏನೆಂದು ಕರೆಯುವುದು? ಶಾಲೆಗಳಲ್ಲಿ ‘ಕೃತಿ ಸಂಪುಟ’ ಬಳಕೆಯಲ್ಲಿದೆ, ಪಾಲಕರಿಗೂ ಪರಿಚಿತ. ಆದರೆ ಅದು ಶಿಕ್ಷಕರ ಸುಪರ್ದಿಯಲ್ಲಿರುವ ಕಡತವೆಂಬ ಭಾವನೆ ಬಲವಾಗಿದೆ. ಭಾಷಾ ಪೋರ್ಟ್‌ಫೋಲಿಯೊ ಕಲಿಯುವವರ ಸ್ವಂತ ಸೊತ್ತು. ಮೇಲಾಗಿ ‘ಕೃತಿ’ ಎಂದೊಡನೆ ತಿದ್ದಿ ಮುಗಿಸಿದ ಬರಹವನ್ನು ಮಾತ್ರ ಇಡಬೇಕೆಂದುಕೊಂಡು, ಪಂಚಾಯಿತಿಗೆ ಬರೆದ ನೀರಿನ ಅರ್ಜಿಯ ಮೊದಲ ಕರಡನ್ನು ಹರಿದು ಹಾಕಿಬಿಡುತ್ತಾರೆ. ಮೊದಲ ಕರಡು, ತಿದ್ದಿದ ಪ್ರತಿ ಎರಡೂ ತಾರೀಖಿನೊಂದಿಗೆ ಜೊತೆಯಲ್ಲಿದ್ದರೆ ತಾನೆ ಪ್ರಗತಿ ಕಾಣುವುದು? ‘ಕಡತ’ ಎಂಬ ಪದವನ್ನೇ ಇಡೋಣವೆಂದರೆ ಅದು ಈಗ ಕಚೇರಿಯದು. (ಹಳೆಯ ಕಡತ ಬೇರೆಯೇ ಆಗಿತ್ತು: ಮಸಿ ಬಳಿದು ಗಟ್ಟಿ ಮಾಡಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದು, ಬೇಕಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಆ ಅರ್ಥ ಉಳಿದಿದ್ದರೆ ನಮಗೆ ಸರಿಹೊಂದುತ್ತಿತ್ತು.) ಸದ್ಯಕ್ಕೆ ‘ನನ್ನ ಕಲಿಕೆಯ ಸಂಚಿ’ ಎಂದು ಬರೆದಿಟ್ಟಿದ್ದೇವೆ, ಮೂರನೆಯ ಭಾಗಕ್ಕೆ ‘ಸಂಗ್ರಹ’ ಸಾಕೆನಿಸುತ್ತದೆ.

ಬಲ್ಲವರಲ್ಲಿ ನನ್ನ ವಿನಂತಿ ಎರಡು. ಹಂತಸೂಚಕ ಹೇಳಿಕೆಗಳನ್ನು ‘ನನಗೆ ... ಬರುತ್ತದೆ’ ರೂಪದಲ್ಲಿ ಅಚ್ಚು ಮಾಡಿದರೆ ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಅದು ಶಿಷ್ಟ ಬರವಣಿಗೆಯಾಗಿ ಸಲ್ಲುತ್ತದೆಯೇ? ಎರಡನೆಯದಾಗಿ, ‘ಮೌಲ್ಯಮಾಪನ’ ಎಂದರೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವುದೆಂದೇ ತಿಳಿಯುವವರಿಗೆ ‘ಸ್ವಮೌಲ್ಯಮಾಪನ’ಕ್ಕಿಂತ ಹಗುರವಾದ, ಆದರೆ ಅಳತೆಯ ಅರ್ಥ ಬಿಟ್ಟುಕೊಡದ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ಬಳಕೆಯ ವಾಕ್ಯದೊಂದಿಗೆ ತಿಳಿಸಿ.